ಮಣಿಕಟ್ಟಿನ ಮೇಲಿನ ಅಂಕಿ: ಯಾವುದು ಅಳತೆ, ಯಾವುದು ಅಂದಾಜು?

2025ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದರಂತೆ ಹಠಾತ್ ಸಾವಿನ ಸುದ್ದಿಗಳು ಬಂದಾಗ ಮೈಸೂರು ಹಾಗೂ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಮುಗಿಬಿದ್ದರು. ಸುಮಾರು ನಲವತ್ತು ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟಿದ್ದರು. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ರಾಜ್ಯ ಸರ್ಕಾರ ನೇಮಿಸಿದ ಸಮಿತಿ, ಹೃದಯಾಘಾತದ ಪ್ರಕರಣಗಳಲ್ಲಿ ಅಸಹಜ ಏರಿಕೆಯೇನೂ ಆಗಿಲ್ಲ ಎಂದು ವರದಿ ನೀಡಿತು. ಆದರೆ ವರದಿ ಬರುವ ಹೊತ್ತಿಗೆ ಭಯ ಊರೂರು ಸುತ್ತಿ ಬಂದಿತ್ತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ಹರೆಯದಲ್ಲೇ ಅಗಲಿದಾಗಲೂ ಇದೇ ದೃಶ್ಯ ಕಂಡಿತ್ತು.

ಇಂಥ ಆತಂಕದ ಹೊತ್ತಿನಲ್ಲಿ ನಗರವಾಸಿಯ ಕಣ್ಣು ಮೊದಲು ಹೊರಳುವುದು ತನ್ನದೇ ಮಣಿಕಟ್ಟಿನ ಕಡೆಗೆ. ಅಲ್ಲಿ ಕಟ್ಟಿಕೊಂಡಿರುವ ಫಿಟ್‌ನೆಸ್ ಬ್ಯಾಂಡ್ ಅಥವಾ ಸ್ಮಾರ್ಟ್‌ವಾಚ್ ಎದೆಬಡಿತ ಎಷ್ಟು, ನಡೆದ ಹೆಜ್ಜೆ ಎಷ್ಟು, ಕರಗಿದ ಕ್ಯಾಲೊರಿ ಎಷ್ಟು, ರಕ್ತದಲ್ಲಿನ ಆಮ್ಲಜನಕ ಎಷ್ಟು, ರಾತ್ರಿಯ ಗಾಢ ನಿದ್ರೆ ಎಷ್ಟು ಎಂಬುದನ್ನೆಲ್ಲ ಒಂದೇ ಪರದೆಯ ಮೇಲೆ, ಒಂದೇ ಗಾತ್ರದ ಅಕ್ಷರಗಳಲ್ಲಿ ತೋರಿಸುತ್ತದೆ. ಸಮಸ್ಯೆ ಆರಂಭವಾಗುವುದೇ ಇಲ್ಲಿಂದ. ಈ ಅಂಕಿಗಳಲ್ಲಿ ಕೆಲವು ನಿಜವಾದ ಅಳತೆಗಳು, ಕೆಲವು ಲೆಕ್ಕಾಚಾರದಿಂದ ಹುಟ್ಟಿದ ಅಂದಾಜುಗಳು, ಇನ್ನು ಕೆಲವು ಊಹೆಗೆ ಸಮೀಪವಾದವು. ಪರದೆಯಲ್ಲಿ ಮಾತ್ರ ಎಲ್ಲವಕ್ಕೂ ಒಂದೇ ಮರ್ಯಾದೆ.

ಮಾರುಕಟ್ಟೆಯ ಗಾತ್ರವನ್ನು ಗಮನಿಸಿದರೆ ಇದು ಶ್ರೀಮಂತರ ಹವ್ಯಾಸದ ಪ್ರಶ್ನೆಯಾಗಿ ಉಳಿದಿಲ್ಲ ಎಂಬುದು ಸ್ಪಷ್ಟ. ಮಾರುಕಟ್ಟೆ ಸಮೀಕ್ಷಾ ಸಂಸ್ಥೆ ಐಡಿಸಿ ನೀಡಿದ ಅಂಕಿ ಅಂಶಗಳ ಪ್ರಕಾರ 2023ರಲ್ಲಿ ಭಾರತದ ಮಾರುಕಟ್ಟೆಗೆ 5 ಕೋಟಿಗೂ ಹೆಚ್ಚು ಸ್ಮಾರ್ಟ್‌ವಾಚ್‌ಗಳು ಬಂದವು. 2024ರಲ್ಲಿ ಆ ಸಂಖ್ಯೆ ಸುಮಾರು 3.5 ಕೋಟಿಗೆ ಇಳಿಯಿತು. ಇಳಿಕೆಯ ನಂತರವೂ ಅದು ಸಣ್ಣ ಸಂಖ್ಯೆಯಲ್ಲ. ಇವುಗಳಲ್ಲಿ ಹೆಚ್ಚಿನವು ಒಂದೆರಡು ಸಾವಿರ ರೂಪಾಯಿಗೆ ಸಿಗುವಂಥವು. ಜಗತ್ತಿನ ಸಂಶೋಧಕರು ಪ್ರಯೋಗಾಲಯಗಳಲ್ಲಿ ಪರೀಕ್ಷೆಗೆ ಒಡ್ಡಿರುವುದಾದರೋ ಬಹುಪಾಲು ದುಬಾರಿ ಮಾದರಿಗಳನ್ನು. ಅವುಗಳ ಬಗ್ಗೆ ಬಂದಿರುವ ಫಲಿತಾಂಶಗಳನ್ನು ಗಾಂಧಿನಗರದ ಅಂಗಡಿಯಲ್ಲಿ ಕೊಂಡ ಸಾವಿರದ ಐನೂರರ ಗಡಿಯಾರಕ್ಕೆ ಹಾಗೆಯೇ ಅನ್ವಯಿಸುವುದು ಸರಿಯಾಗದು.

ಹೆಜ್ಜೆಯ ಲೆಕ್ಕ

ಗಡಿಯಾರ ಹೆಜ್ಜೆಯನ್ನು ನೋಡುವುದಿಲ್ಲ; ಅದು ನೋಡುವುದು ಕೈಯ ಚಲನೆಯನ್ನು. ಒಳಗಿರುವ ಪುಟ್ಟ ಚಲನಮಾಪಕವೊಂದು ಮೂರು ದಿಕ್ಕುಗಳಲ್ಲಿ ಉಂಟಾಗುವ ವೇಗದ ಬದಲಾವಣೆಯನ್ನು ಗ್ರಹಿಸುತ್ತದೆ. ಲಯಬದ್ಧವಾದ ಏರಿಳಿತ ಕಂಡರೆ ಅದನ್ನು ಹೆಜ್ಜೆ ಎಂದು ತೀರ್ಮಾನಿಸುತ್ತದೆ. ಕಬ್ಬನ್ ಪಾರ್ಕಿನಲ್ಲಿ ಕೈ ಬೀಸಿಕೊಂಡು ಚುರುಕಾಗಿ ನಡೆಯುವವರ ಮಟ್ಟಿಗೆ ಈ ಲೆಕ್ಕ ಸಾಕಷ್ಟು ಸರಿಯಾಗಿಯೇ ಇರುತ್ತದೆ. ಆದರೆ ದೈನಂದಿನ ಬದುಕು ಉದ್ಯಾನದ ನಡಿಗೆಯಲ್ಲ. ಕೆ.ಆರ್. ಮಾರುಕಟ್ಟೆಯಿಂದ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಬರುವವರ, ಮಗುವಿನ ತಳ್ಳುಗಾಡಿ ನೂಕುವವರ, ಜೇಬಿನಲ್ಲಿ ಕೈ ಇಟ್ಟುಕೊಂಡು ನಡೆಯುವವರ ಹೆಜ್ಜೆಗಳು ಲೆಕ್ಕದಿಂದ ತಪ್ಪಿಹೋಗುತ್ತವೆ. ಕುಳಿತಲ್ಲೇ ಕೈ ಲಯವಾಗಿ ಆಡುವ ಕೆಲಸಗಳು ಹೆಜ್ಜೆಗಳಾಗಿ ಜಮೆಯಾಗುವುದೂ ಉಂಟು. ಜೋಳದ ರೊಟ್ಟಿ ತಟ್ಟುವ ಕೈ, ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರಿನ ಹಿಡಿ ಹಿಡಿದ ಕೈ ಈ ಯಂತ್ರದ ಕಣ್ಣಿಗೆ ನಡೆಯುವ ಕೈಯಂತೆಯೇ ಕಂಡರೆ ಅಚ್ಚರಿಯಿಲ್ಲ.

ಇದಕ್ಕಿಂತ ಗಂಭೀರವಾದುದು ನಿಧಾನ ನಡಿಗೆಯ ಪ್ರಶ್ನೆ. ವೇಗ ಕಡಿಮೆಯಾದಷ್ಟೂ ಕೈಯ ಏರಿಳಿತ ಮೆತ್ತಗಾಗಿ ಯಂತ್ರಕ್ಕೆ ಹೆಜ್ಜೆ ಸಿಗದಾಗುತ್ತದೆ. ಊರುಗೋಲು ಹಿಡಿದು ನಡೆಯುವ ಹಿರಿಯರಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಮೆಲ್ಲನೆ ಓಡಾಡತೊಡಗಿದವರಲ್ಲಿ ತಪ್ಪಿನ ಪ್ರಮಾಣ ಹೆಚ್ಚು. ಅಂದರೆ ಹೆಜ್ಜೆಯ ಲೆಕ್ಕ ಯಾರಿಗೆ ನಿಜಕ್ಕೂ ಮುಖ್ಯವೋ ಅವರಲ್ಲೇ ಅದು ಹೆಚ್ಚು ಎಡವುತ್ತದೆ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿಯ ಮೂಲವೂ ಇಲ್ಲಿ ನೆನಪಿಸಿಕೊಳ್ಳತಕ್ಕದ್ದು. ಅದು ಯಾವ ವೈದ್ಯಕೀಯ ಸಂಶೋಧನೆಯಿಂದಲೂ ಹುಟ್ಟಿದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ನಂತರ, 1965ರಲ್ಲಿ ಜಪಾನಿನ ಕಂಪೆನಿಯೊಂದು ಮಾರುಕಟ್ಟೆಗೆ ತಂದ ಹೆಜ್ಜೆಮಾಪಕದ ಹೆಸರೇ ಮಾನ್‌ಪೊ-ಕೇ, ಅರ್ಥಾತ್ ಹತ್ತು ಸಾವಿರ ಹೆಜ್ಜೆಯ ಮಾಪಕ. ಆ ಜಾಹೀರಾತಿನ ಹೆಸರು ಅರವತ್ತು ವರ್ಷಗಳ ನಂತರವೂ ಜಗತ್ತಿನ ಮಣಿಕಟ್ಟುಗಳನ್ನು ಆಳುತ್ತಿದೆ. ಅಮೆರಿಕದ ಸರಾಸರಿ 72 ವರ್ಷ ವಯಸ್ಸಿನ 16,741 ಮಹಿಳೆಯರನ್ನು ಒಳಗೊಂಡು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಾಗಿತ್ತು. 7,500ರ ನಂತರ ಹೆಚ್ಚುವರಿ ಪ್ರಯೋಜನ ಕಂಡುಬರಲಿಲ್ಲ.

ಹಸಿರು ಬೆಳಕಿನ ಕೆಲಸ

ಗಡಿಯಾರದ ಹಿಂಬದಿಯಲ್ಲಿ ಮಿನುಗುವ ಹಸಿರು ದೀಪವೇ ಎದೆಬಡಿತ ಎಣಿಸುವ ಸಾಧನ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಬಡಿದಾಗಲೊಮ್ಮೆ ಮಣಿಕಟ್ಟಿನ ಸೂಕ್ಷ್ಮ ನಾಳಗಳಲ್ಲಿ ರಕ್ತ ಉಕ್ಕಿ, ಹಿಂದಿರುಗುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಎಣಿಸಿದರೆ ಬಡಿತದ ಲೆಕ್ಕ ಸಿಗುತ್ತದೆ. ತತ್ವ ಸರಳ, ಕುಳಿತಿರುವಾಗ, ಮಲಗಿರುವಾಗ ಫಲಿತಾಂಶವೂ ಚೆನ್ನಾಗಿದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಏಳು ಸಾಧನಗಳನ್ನು 60 ಸ್ವಯಂಸೇವಕರಿಗೆ ಕಟ್ಟಿ ನಡೆಸಿದ ಪರೀಕ್ಷೆಯಲ್ಲಿ ಆರು ಸಾಧನಗಳ ಎದೆಬಡಿತದ ತಪ್ಪು ಶೇ 5ರೊಳಗಿತ್ತು. ಇದು ಮೆಚ್ಚತಕ್ಕ ಸಾಧನೆಯೇ. ಆದರೆ ಕೈ ಆಡತೊಡಗಿದೊಡನೆ ಬೆಳಕಿನ ಹಾದಿ ಕಲಕುತ್ತದೆ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 53 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ, ವಿಶ್ರಾಂತಿಗಿಂತ ಚಟುವಟಿಕೆಯ ಹೊತ್ತಿನಲ್ಲಿ ತಪ್ಪು ಸರಾಸರಿ ಶೇ 30ರಷ್ಟು ಹೆಚ್ಚಿತ್ತು. ಓಟಗಾರರಿಗೆ ಪರಿಚಿತವಾದ ಇನ್ನೊಂದು ದೋಷವಿದೆ. ನಿಮಿಷಕ್ಕೆ 160 ಹೆಜ್ಜೆ ಹಾಕಿ ಓಡುವವನ ಕೈಯ ಲಯವನ್ನೇ ಗಡಿಯಾರ ನಾಡಿಯೆಂದು ಭ್ರಮಿಸಿ, ಎದೆಬಡಿತ 160 ಎಂದು ತೋರಿಸಿಬಿಡುತ್ತದೆ. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಓದುವುದರಿಂದ ಈ ಗೊಂದಲಕ್ಕೆ ಒಳಗಾಗುವುದಿಲ್ಲ. ಸಡಿಲ ಪಟ್ಟಿ, ಚಳಿ, ಬೆವರು, ಹಚ್ಚೆ ಇವೂ ಬೆಳಕಿನ ಓದಿಗೆ ತೊಡಕಾಗುತ್ತವೆ. ಚೀನಾದಲ್ಲಿ ಕೆಲವರು ಟಾಯ್ಲೆಟ್ ಕಾಗದದ ಸುರುಳಿಗೆ ಬ್ಯಾಂಡ್ ಕಟ್ಟಿ, ಕಾಗದಕ್ಕೂ ಎದೆಬಡಿತ ಇರುವುದನ್ನು ತೋರಿಸಿ ನಕ್ಕಿದ್ದರು. ಬೆಳಕನ್ನು ಹಿಂದಿರುಗಿಸುವ ಯಾವ ಮೈಯೂ ಈ ಯಂತ್ರಕ್ಕೆ ಮೈಯೇ.

ಮೈಬಣ್ಣದ ಪ್ರಶ್ನೆ ಭಾರತೀಯರಿಗೆ ನೇರವಾಗಿ ಸಂಬಂಧಿಸಿದ್ದು. ಚರ್ಮದ ಕಪ್ಪು ವರ್ಣದ್ರವ್ಯವೂ ಹಸಿರು ಬೆಳಕನ್ನು ಹೀರುತ್ತದೆ. ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಗಾಢ ಬಣ್ಣದವರಲ್ಲಿ ತಪ್ಪು ಹೆಚ್ಚು ಕಂಡಿತ್ತು. ಡ್ಯೂಕ್ ಅಧ್ಯಯನದಲ್ಲಿ ಅಂಥ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ, ಬದಲಿಗೆ ಸಾಧನದಿಂದ ಸಾಧನಕ್ಕೆ ದೊಡ್ಡ ಅಂತರ ಕಂಡಿತು. ಆದ್ದರಿಂದ ಕಪ್ಪು ಮೈಯವರಿಗೆ ಗಡಿಯಾರ ನಿಷ್ಪ್ರಯೋಜಕ ಎಂಬ ಮಾತೂ, ಬಣ್ಣಕ್ಕೂ ಅಳತೆಗೂ ಸಂಬಂಧವೇ ಇಲ್ಲವೆಂಬ ಮಾತೂ ಆತುರದ ತೀರ್ಮಾನಗಳು.

ಕ್ಯಾಲೊರಿಯ ವಿಷಯದಲ್ಲಿ ಆತುರವಿಲ್ಲದೆಯೂ ತೀರ್ಮಾನಕ್ಕೆ ಬರಬಹುದು: ಆ ಅಂಕಿಯನ್ನು ನಂಬಬಾರದು. ಗಡಿಯಾರ ಅದನ್ನು ಅಳೆಯುವುದೇ ಇಲ್ಲ. ವಯಸ್ಸು, ತೂಕ, ಎತ್ತರ, ಎದೆಬಡಿತ, ಚಲನೆ ಇವನ್ನೆಲ್ಲ ಸೂತ್ರವೊಂದಕ್ಕೆ ಹಾಕಿ ಉತ್ತರ ತೆಗೆಯುತ್ತದೆ. ಸ್ಟ್ಯಾನ್‌ಫರ್ಡ್ ಪರೀಕ್ಷೆಯಲ್ಲಿ ಅತ್ಯುತ್ತಮ ಸಾಧನದ ಲೆಕ್ಕವೇ ಶೇ 27ರಷ್ಟು ತಪ್ಪಿತ್ತು. ಅತಿ ಕಳಪೆಯದು ಶೇ 93ರಷ್ಟು. ಗಡಿಯಾರ 300 ಕ್ಯಾಲೊರಿ ಎಂದಾಗ ಅತ್ಯುತ್ತಮ ಸಾಧನದಲ್ಲೂ 80ರಷ್ಟು ಆಚೀಚೆ ಇರಬಹುದು. ಬೆಳಗಿನ ನಡಿಗೆ ಮುಗಿಸಿ ದರ್ಶಿನಿಯ ಮುಂದೆ ನಿಂತು ಇನ್ನೊಂದು ಇಡ್ಲಿಗೆ ಜಾಗವಿದೆಯೇ ಎಂದು ಪರದೆ ನೋಡುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬಹುದು.

ತಪ್ಪು ಅಂಕಿ, ತಪ್ಪು ತೀರ್ಮಾನ

ಇಡ್ಲಿಯ ಲೆಕ್ಕ ತಪ್ಪಿದರೆ ನಷ್ಟ ಅಷ್ಟಕ್ಕಷ್ಟೆ. ಆಮ್ಲಜನಕದ ಲೆಕ್ಕ ಹಾಗಲ್ಲ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೋವಿಡ್ ಎರಡನೇ ಅಲೆ ಕರ್ನಾಟಕವನ್ನು ಆವರಿಸಿದಾಗ, ಮನೆಯಲ್ಲೇ ಚಿಕಿತ್ಸೆ ಪಡೆಯುತ್ತಿದ್ದ ಸೋಂಕಿತರು ಆಮ್ಲಜನಕದ ಪ್ರಮಾಣ 94ಕ್ಕಿಂತ ಕೆಳಗಿಳಿದರೆ ಕೂಡಲೇ ವೈದ್ಯರನ್ನು ಕಾಣಬೇಕೆಂಬ ಸೂಚನೆಯಿತ್ತು. ಬೆರಳಿಗೆ ಕಚ್ಚಿಸುವ ಪಲ್ಸ್ ಆಕ್ಸಿಮೀಟರ್‌ಗಳು ಔಷಧ ಅಂಗಡಿಗಳಲ್ಲಿ ಖಾಲಿಯಾಗಿ, ಬೆಲೆ ಗಗನಕ್ಕೇರಿತು. ಅದೇ ಹೊತ್ತಿಗೆ ಆಮ್ಲಜನಕ ತೋರಿಸುತ್ತೇವೆನ್ನುವ ಅಗ್ಗದ ಬ್ಯಾಂಡ್‌ಗಳು ಮಾರುಕಟ್ಟೆಯಲ್ಲಿದ್ದವು.

ಬೆರಳಿನ ಸಾಧನಕ್ಕೂ ಮಣಿಕಟ್ಟಿನ ಸಾಧನಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕೆಂಪು ಮತ್ತು ಅವಕೆಂಪು ಬೆಳಕು ಬೆರಳನ್ನು ತೂರಿ ಆಚೆ ಬದಿಗೆ ಬರುತ್ತದೆ. ಮಣಿಕಟ್ಟಿನಲ್ಲಿ ಮೂಳೆ, ಸ್ನಾಯುಗಳು ಅಡ್ಡವಿರುವುದರಿಂದ ಚದುರಿ ಹಿಂದಿರುಗಿದ ಅಲ್ಪ ಬೆಳಕನ್ನೇ ನೆಚ್ಚಬೇಕು. ಇಷ್ಟಕ್ಕೂ ಬೆರಳಿನ ಸಾಧನವೇ ದೋಷಮುಕ್ತವಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರ ಫೆಬ್ರವರಿಯಲ್ಲಿ ನೀಡಿದ ಎಚ್ಚರಿಕೆಯಲ್ಲಿ, ಅನುಮೋದಿತ ಸಾಧನ 90 ಎಂದು ತೋರಿಸಿದರೆ ನಿಜವಾದ ಪ್ರಮಾಣ 86ರಿಂದ 94ರ ನಡುವೆ ಎಲ್ಲಿಯಾದರೂ ಇರಬಹುದೆಂದು ಹೇಳಿತ್ತು. ಅದಕ್ಕೂ ಮೊದಲು, 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸಾಧನ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತ ಪರೀಕ್ಷೆಯಲ್ಲಿ ಆಮ್ಲಜನಕ 88ಕ್ಕಿಂತ ಕೆಳಗಿದ್ದ ಪ್ರಕರಣಗಳು ಬಿಳಿಯರಲ್ಲಿ ಶೇ 3.6 ಇದ್ದರೆ ಕರಿಯರಲ್ಲಿ ಶೇ 11.7ರಷ್ಟಿದ್ದವು. ಆಸ್ಪತ್ರೆಯ ಸಾಧನದ ಸ್ಥಿತಿಯೇ ಇದಾದರೆ, ಮಣಿಕಟ್ಟಿನ ಅಂಕಿಯನ್ನು ನೆಚ್ಚಿ ಹಾಸಿಗೆ ಹುಡುಕುವುದನ್ನು ಮುಂದೂಡುವುದು ಎಂಥ ಅಪಾಯ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೃದಯದ ವಿಷಯಕ್ಕೆ ಮರಳಿದರೆ, ಇಲ್ಲಿ ಗಡಿಯಾರದ ಸಾಧನೆಯೂ ಮಿತಿಯೂ ಒಟ್ಟಿಗೇ ಕಾಣುತ್ತವೆ. 2019ರ ನವೆಂಬರ್‌ನಲ್ಲಿ ಪ್ರಕಟವಾದ ಆ್ಯಪಲ್ ಹಾರ್ಟ್ ಸ್ಟಡಿ 4,19,297 ಮಂದಿಯನ್ನು ಒಳಗೊಂಡಿತ್ತು. ಅವರಲ್ಲಿ ಅನಿಯಮಿತ ನಾಡಿಯ ಎಚ್ಚರಿಕೆ ಬಂದದ್ದು 2,161 ಮಂದಿಗೆ, ಅಂದರೆ ಶೇ 0.52ರಷ್ಟು ಜನರಿಗೆ ಮಾತ್ರ. ನಂತರ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು ಹಿಂದಿರುಗಿಸಿದ 450 ಮಂದಿಯಲ್ಲಿ ಶೇ 34ರಷ್ಟು ಜನರಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯದೋಷ ದೃಢಪಟ್ಟಿತು. ಈ ದೋಷ ಬಂದು ಹೋಗುವಂಥದ್ದಾದ್ದರಿಂದ ಉಳಿದವರಿಗೆಲ್ಲ ಸುಳ್ಳು ಎಚ್ಚರಿಕೆ ಬಂದಿತ್ತೆಂದು ಹೇಳುವಂತಿಲ್ಲ. ಪಾರ್ಶ್ವವಾಯುವಿಗೆ ಕಾರಣವಾಗಬಲ್ಲ ಲಯದೋಷವನ್ನು ಮಣಿಕಟ್ಟಿನಲ್ಲೇ ಗುರುತಿಸಿದ್ದು ಸಣ್ಣ ಮಾತಲ್ಲ.

ಆದರೆ ಲಯದೋಷ ಬೇರೆ, ಹೃದಯಾಘಾತ ಬೇರೆ. ಹಾಸನದ ಜನ ಹೆದರಿದ್ದು ಎರಡನೆಯದಕ್ಕೆ. ಹೃದಯದ ರಕ್ತನಾಳ ಮುಚ್ಚಿಕೊಂಡಾಗಲೂ ನಾಡಿ ಕೆಲಕಾಲ ಕ್ರಮಬದ್ಧವಾಗಿಯೇ ಇರಬಹುದು. ನಿಮಿಷಕ್ಕೆ 78 ಎಂಬ ನೆಮ್ಮದಿಯ ಅಂಕಿಯೇ ಪರದೆಯಲ್ಲಿ ಮೂಡಬಹುದು. ದುಬಾರಿ ಗಡಿಯಾರಗಳಲ್ಲಿರುವ ಇಸಿಜಿ ಸೌಲಭ್ಯ ಹೃದಯವನ್ನು ಒಂದೇ ಕೋನದಿಂದ ನೋಡುತ್ತದೆ. ಆಸ್ಪತ್ರೆಯ ಇಸಿಜಿ ಮೈಮೇಲಿನ ಹತ್ತು ಕಡೆಗಳಿಂದ ಸಂಕೇತ ಪಡೆದು ಹನ್ನೆರಡು ಕೋನಗಳ ಚಿತ್ರ ಕೊಡುತ್ತದೆ. ತಮ್ಮ ಗಡಿಯಾರ ಹೃದಯಾಘಾತವನ್ನು ಪತ್ತೆಮಾಡಲಾರದು ಎಂದು ಆ್ಯಪಲ್ ಕಂಪೆನಿಯೇ ಸ್ಪಷ್ಟವಾಗಿ ಬರೆದಿದೆ. ಎದೆ ಬಿಗಿದಾಗ, ಎಡಗೈ ಅಥವಾ ದವಡೆಗೆ ನೋವು ಹರಡಿದಾಗ, ತಣ್ಣನೆ ಬೆವರಿದಾಗ ಗಡಿಯಾರದ ಅಂಕಿ ಸರಿಯಾಗಿದೆಯೆಂದು ಕಾಯುವ ಪ್ರತಿ ನಿಮಿಷವೂ ಹೃದಯದ ಸ್ನಾಯುವನ್ನು ಕಳೆದುಕೊಳ್ಳುವ ನಿಮಿಷ.

ಈ ವಿಪರ್ಯಾಸದ ಇನ್ನೊಂದು ಬದಿ ಗಮನಾರ್ಹ. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ತಜ್ಞರ ಕೇಂದ್ರಕ್ಕೆ ರವಾನಿಸಿ, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ವ್ಯವಸ್ಥೆ ಇದೆ. ಹೊಳಪಿನ ಪರದೆಯಿಲ್ಲದ, ಜಾಹೀರಾತಿಲ್ಲದ ಈ ಇಸಿಜಿ ಯಂತ್ರ ಕೊಡುವ ಉತ್ತರವನ್ನು ಅರವತ್ತು ಸಾವಿರದ ಗಡಿಯಾರ ಕೊಡಲಾರದು. ಆದರೆ ಅದರ ಬಳಿಗೆ ಮನುಷ್ಯ ನಡೆದು ಹೋಗಬೇಕು.

ನಿದ್ರೆಯ ವಿಷಯವನ್ನು ಚುಟುಕಾಗಿ ಹೇಳಿ ಮುಗಿಸಬಹುದು. ಅಲುಗಾಡದೆ ಮಲಗಿದವನನ್ನು ಗಡಿಯಾರ ನಿದ್ರಿಸಿದನೆಂದೇ ಭಾವಿಸುವುದರಿಂದ ಒಟ್ಟು ನಿದ್ರೆಯ ಅವಧಿ ಹೆಚ್ಚಾಗಿ ಕಾಣುತ್ತದೆ. ಗಾಢ ನಿದ್ರೆ, ಕನಸಿನ ನಿದ್ರೆ ಎಂಬ ವಿಂಗಡಣೆಗೆ ಮಿದುಳಿನ ತರಂಗ ನೋಡಬೇಕು, ಅದು ಮಣಿಕಟ್ಟಿನಲ್ಲಿ ಸಿಗದು. ಗಡಿಯಾರದ ನಿದ್ರಾ ಅಂಕ ಕಡಿಮೆಯಾಯಿತೆಂಬ ಚಿಂತೆಯಲ್ಲೇ ನಿದ್ರೆಗೆಡುವವರಿಗಾಗಿ ಅಮೆರಿಕದ ಸಂಶೋಧಕರು 2017ರಲ್ಲಿ ಆರ್ಥೊಸೋಮ್ನಿಯಾ ಎಂಬ ಹೊಸ ಪದವನ್ನೇ ಟಂಕಿಸಬೇಕಾಯಿತು.

ಕಾನೂನಿನ ಸಂದಿ

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಉಪಕರಣಗಳನ್ನೂ ಔಷಧ ಕಾನೂನಿನ ವ್ಯಾಪ್ತಿಗೆ ತರಲಾಗಿದೆ. ಆದರೆ ಅದೇ ಅಂಕಿ ತೋರಿಸುವ ಬ್ಯಾಂಡ್, ತಾನು ರೋಗ ಪತ್ತೆಗಲ್ಲ, ಕೇವಲ ಕ್ಷೇಮಕ್ಕೆ ಎಂದು ಹೇಳಿಕೊಂಡು ಎಲೆಕ್ಟ್ರಾನಿಕ್ ವಸ್ತುವಾಗಿ ಮಾರಾಟವಾಗುತ್ತದೆ. ಜಾಹೀರಾತಿನಲ್ಲಿ ಆರೋಗ್ಯದ ಕಾವಲುಗಾರ, ಷರತ್ತಿನಲ್ಲಿ ಆಟಿಕೆ. ಈ ಇಬ್ಬಗೆಗೆ ಅಮೆರಿಕದಲ್ಲಿ ಆಗೊಮ್ಮೆ ಈಗೊಮ್ಮೆ ಕಡಿವಾಣ ಬಿದ್ದಿದೆ. ಚರ್ಮಕ್ಕೆ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆನ್ನುವ ಯಾವ ಗಡಿಯಾರಕ್ಕೂ ಉಂಗುರಕ್ಕೂ ತಾನು ಅನುಮೋದನೆ ನೀಡಿಲ್ಲವೆಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. 2025ರ ಜುಲೈನಲ್ಲಿ, ರಕ್ತದೊತ್ತಡದ ಅಂದಾಜು ನೀಡುತ್ತಿದ್ದ ವೂಪ್ ಕಂಪೆನಿಗೆ, ಇದು ಕ್ಷೇಮದ ಸಾಧನವಲ್ಲ, ಅನುಮತಿ ಬೇಕಾದ ವೈದ್ಯಕೀಯ ಸಾಧನ ಎಂದು ಪತ್ರ ಬರೆಯಿತು. ಇಲ್ಲಿ ರಕ್ತದೊತ್ತಡ ತೋರಿಸುವುದಾಗಿ ಹೇಳುವ ಅಗ್ಗದ ಗಡಿಯಾರಗಳು ಆನ್‌ಲೈನ್ ಅಂಗಡಿಗಳಲ್ಲಿ ಹೇರಳ. ಮಾತ್ರೆ ನುಂಗುವ ರೋಗಿ ಅದರ ಅಂಕಿ ನೋಡಿ ಮಾತ್ರೆ ಬಿಟ್ಟರೆ ಹೊಣೆ ಯಾರದು ಎಂಬುದಕ್ಕೆ ಉತ್ತರವಿಲ್ಲ.

ಹಣದ ಸಂಬಂಧವೂ ಬೆಳೆಯುತ್ತಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಆರೋಗ್ಯ ವಿಮಾ ಕಂಪೆನಿಗಳು ಪಾಲಿಸಿದಾರರ ಕ್ಷೇಮ ಚಟುವಟಿಕೆಗೆ ಬಹುಮಾನ, ಪ್ರೀಮಿಯಂ ರಿಯಾಯಿತಿ ನೀಡಬಹುದು. ಕೆಲವು ಪಾಲಿಸಿಗಳಲ್ಲಿ ದಿನದ ಹೆಜ್ಜೆ ಅಥವಾ ಕ್ಯಾಲೊರಿಯೇ ಅಳತೆಗೋಲು. ಹಾಗಾದಾಗ ಕೋಲು ಹಿಡಿದು ನಿಧಾನ ನಡೆಯುವ ಅರವತ್ತೈದರ ಹಿರಿಯರಿಗೆ ರಿಯಾಯಿತಿ ತಪ್ಪಬಹುದು, ಕುಲುಕುವ ರಸ್ತೆಯಲ್ಲಿ ಸ್ಕೂಟರ್ ಓಡಿಸುವ ಯುವಕನಿಗೆ ದಕ್ಕಬಹುದು.

ಕಂಪೆನಿಗಳು ಈ ಮಿತಿಗಳನ್ನು ಬಚ್ಚಿಟ್ಟಿಲ್ಲ ಎಂಬುದನ್ನು ಒಪ್ಪಬೇಕು. ಕೈಪಿಡಿಯ ಕೊನೆಯ ಪುಟದಲ್ಲೋ, ಆ್ಯಪ್ ತೆರೆದಾಗ ಯಾರೂ ಓದದೆ ಒಪ್ಪಿಗೆ ಒತ್ತುವ ಷರತ್ತುಗಳಲ್ಲೋ, ಈ ಸಾಧನ ವೈದ್ಯಕೀಯ ಬಳಕೆಗಲ್ಲ ಎಂಬ ಒಂದು ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಗಡಿಯಾರದ ಪರದೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಲು ಅವಕಾಶವಿರುವ ಮಾದರಿಗಳೂ ಬಂದಿವೆ. ಆ ಒಂದು ಸಾಲು ಮಾತ್ರ ಬಹುತೇಕ ಪೊಟ್ಟಣಗಳಲ್ಲಿ ಈಗಲೂ ಇಂಗ್ಲಿಷಿನಲ್ಲೇ, ಭೂತಗನ್ನಡಿ ಬೇಡುವ ಅಕ್ಷರಗಳಲ್ಲೇ ಇದೆ.